ನಾಲ್ಕು ಹೆಸರಿನಷ್ಟು ಮೌನ

ಕಿಪ್ವಾನಿ ಮೇಲೂರು
ಫೆಬ್ರವರಿ 30, 2231

ಧಾರವಾಡದ ಸಪ್ತಾಪುರದಲ್ಲಿ ಖಾನಾವಳಿ ನಡೆಸುವ ಬಸಲಿಂಗವ್ವನವರಿಗೆ ಶರಣು.

ತಾರೀಖು ತಪ್ಪು ಬರೆದಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ನನ್ನ ಕನ್ನಡ ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಾನು ಆಫ್ರಿಕಾದ ಪೂರ್ವ ಕರಾವಳಿಯವಳು, ಹೆಸರು ತಾತು. ಈ ಭಾಷೆಯನ್ನು ಮೊದಲು ಕಲಿತದ್ದು ಒಂದು ಕ್ಯಾಸೆಟ್ಟಿನಲ್ಲಿರುವ ನಿಮ್ಮ ಒಂಬತ್ತು ನಿಮಿಷದ ಮಾತಿನಿಂದ, ಉಳಿದದ್ದನ್ನು ಹಳೆಯ ಶಾಲಾ ಪುಸ್ತಕಗಳಿಂದ. ನಿಮ್ಮ ಬಾಯಲ್ಲಿ ಚೆಂದ ಕೇಳುವ ಮಾತು ನನ್ನ ಕೈಗೆ ಬಂದಾಗ ಪಾಠ ಒಪ್ಪಿಸಿದ ಹಾಗೆ ಆಗುತ್ತದೆ. ಏನು ಮಾಡಲಿ, ತಿದ್ದಿಸಿಕೊಳ್ಳೋಣವೆಂದರೆ ಇಲ್ಲಿ ಇನ್ನೊಬ್ಬ ಕನ್ನಡದವರಿಲ್ಲ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಕಳಿಸುವ ವ್ಯವಸ್ಥೆ. ಎರಡು ಕಾಲದಲ್ಲೂ ಇರುವ ಒಂದು ವಸ್ತು ಬೇಕು, ಕಾಗದ ಅದರ ಪಕ್ಕದಲ್ಲೇ ಬೀಳುತ್ತದೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಸಲ ಅವಕಾಶ. ನನ್ನ ಮುಂದೆ ಮೇಜಿನ ಮೇಲಿರುವ ಈ ಕ್ಯಾಸೆಟ್ಟು ನಿಮ್ಮಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಹಿಂದಿದೆ. ಅದರ ಮೇಲೆ ನೀಲಿ ಶಾಯಿಯಲ್ಲಿ ‘ನೀಲವ್ವನ ಮದುವಿ ಹಾಡು’ ಎಂದು ನೀವೇ ಬರೆದಿದ್ದೀರಿ. 1993ರ ನಾಗರಪಂಚಮಿಯ ದಿನ ಮುಂಜಾನೆ ಇದು ನಿಮ್ಮ ಕೈಗೆ ಸಿಗುವ ಹಾಗೆ ಗೊತ್ತು ಮಾಡಿಸಿದ್ದೇನೆ. ಮರುದಿನವೇ ನೀವು ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತುತ್ತೀರಿ. ದಯವಿಟ್ಟು ಅದಕ್ಕಿಂತ ಮೊದಲು ಇದನ್ನು ಕೊನೆಯವರೆಗೆ ಓದಿ, ನಡುವೆ ಹಾಲು ಉಕ್ಕಿದರೂ ಚಿಂತೆಯಿಲ್ಲ.

ಆ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ನಿಮ್ಮ ಮಗಳ ಮದುವೆಯ ಹಾಡುಗಳಿವೆ. ಇನ್ನೊಂದು ಬದಿಯನ್ನು ನೀವು ನಿಮ್ಮಲ್ಲಿ ಊಟಕ್ಕೆ ಬರುತ್ತಿದ್ದ ಮೂವರು ಕಪ್ಪು ಹುಡುಗರಿಗೆ ಕೊಟ್ಟಿರಿ. ಮೂವರಲ್ಲಿ ಇಬ್ಬರೇ ಹುಡುಗರು, ರಿಜಿಕಿ ಹುಡುಗಿ, ನೀವು ಅವಳಿಗೆ ರೊಟ್ಟಿ ಬಡಿಯಲು ಕಲಿಸಿದಿರಿ. ಮ್ಬ್ವಾನಾ, ಶೋಮಾರಿ, ರಿಜಿಕಿ ಓದಲೆಂದು ನಮ್ಮ ಬಂದರಿನ ಊರು ಕಿಪ್ವಾನಿಯಿಂದ ಬಂದವರು. ಹಾಸ್ಟೆಲಿನಲ್ಲಿ ಗದ್ದಲ ಮಾಡಬಾರದೆಂದು ಬೈಸಿಕೊಂಡು ನಿಮ್ಮ ಅಡಿಗೆಮನೆಗೆ ಬಂದರು. ನೀವು ಹಲಗೆಯ ಮೇಲೆ ರೊಟ್ಟಿ ಬಡಿಯುವ ಸಪ್ಪಳವನ್ನೇ ತಾಳ ಮಾಡಿಕೊಂಡು ಅದರ ಮೇಲೆ ಮಾತನ್ನು ಕಟ್ಟಿದರು. ಅಲ್ಲಿಯತನಕ ನಮ್ಮ ಕಡೆಯ ಹುಡುಗರು ರ‍್ಯಾಪ್ ಎಂದರೆ ಅಮೆರಿಕದವರ ಇಂಗ್ಲಿಷನ್ನು ಅವರ ಮೂಗಿನಲ್ಲೇ ಹೇಳಬೇಕು ಎಂದುಕೊಂಡಿದ್ದರು. ಇವರು ಹಮಾಲರ ಭಾಷೆಯಲ್ಲಿ, ಮೂಟೆ ಎಣಿಸುವ ಧಾಟಿಯಲ್ಲಿ ಹೇಳಿದರು. ಹಮಾಲ ಎಂಬ ಮಾತು ನಮ್ಮಲ್ಲೂ ಇದೆ, ಬಂದರು ನಮಗೂ ಬಂದಾರಿ. ತಂಡಕ್ಕೆ ‘ವಾನಾ ವಾ ಬಂದಾರಿ’, ಅಂದರೆ ಬಂದರಿನ ಮಕ್ಕಳು, ಎಂದು ಹೆಸರಿಟ್ಟುಕೊಂಡರು.

ಆ ಮೂವರಿಂದ ಏನೇನಾಯಿತೆಂದು ಹೇಳಿದರೆ ನೀವು ನಗುತ್ತೀರಿ. ಅವರನ್ನು ಕೇಳಿ ಮೀನು ಮಾರುವವರ ಮಕ್ಕಳು ಹಾಡಿದರು, ಆಮೇಲೆ ಬಸ್ಸಿನ ಕಂಡಕ್ಟರುಗಳು, ಆಮೇಲೆ ಪಕ್ಕದ ದೇಶಗಳವರು ತಮ್ಮ ತಮ್ಮ ಭಾಷೆಯಲ್ಲಿ. ಇಪ್ಪತ್ತು ವರ್ಷದೊಳಗೆ ಇಡೀ ಕರಾವಳಿಯಲ್ಲಿ ಮಂತ್ರಿಗಳು ಹೆದರುತ್ತಿದ್ದದ್ದು ಪತ್ರಿಕೆಗಳಿಗಲ್ಲ, ಈ ಹಾಡುಗಳಿಗೆ. ಈಗ ಸಮುದ್ರ ಹಳೆಯ ಊರನ್ನು ನುಂಗಿದೆ, ನಾವು ಕಂಬಗಳ ಮೇಲೆ ಕಟ್ಟಿದ ಮೇಲೂರಿನಲ್ಲಿದ್ದೇವೆ. ದೊಡ್ಡ ಉಬ್ಬರ ಬರುವ ಮುಂಚೆ ಎಚ್ಚರಿಕೆಗೆಂದು ಬಡಿಯುವ ಉಬ್ಬರಗಂಟೆಯ ತಾಳ ನಿಮ್ಮ ರೊಟ್ಟಿಯದು. ಮಕ್ಕಳು ಎಣಿಕೆ ಕಲಿಯುವುದೂ ಅದರಲ್ಲೇ. ಅದನ್ನು ನಾವು ‘ರೊಟಿ’ ಎನ್ನುತ್ತೇವೆ. ಅದು ತಿನ್ನುವ ವಸ್ತುವಿನ ಹೆಸರೆಂದು ನಾನು ಹೇಳಿದಾಗ ನನ್ನ ವಿದ್ಯಾರ್ಥಿಗಳು ನಂಬಲಿಲ್ಲ.

ಇನ್ನು ನನ್ನ ಸಂಕಟದ ವಿಷಯ. 1991ರಲ್ಲಿ ಕಿಪ್ವಾನಿಯಲ್ಲಿ ಹಡಗು ನಿಲ್ಲುವ ಧಕ್ಕೆ ಕುಸಿದು ಹನ್ನೊಂದು ಹಮಾಲರು ಸತ್ತರು. ಅಲ್ಲಿ ಯಾರೂ ಇರಲೇ ಇಲ್ಲ ಎಂದು ಬಂದರಿನ ಕಂಪನಿ ಸಾಧಿಸಿತು. ಮ್ಬ್ವಾನಾನ ತಾಯಿ ಮನೆಮನೆ ಸುತ್ತಿ ಹನ್ನೊಂದು ಹೆಸರು ಕೂಡಿಸಿ ಮಗನಿಗೆ ಧಾರವಾಡಕ್ಕೆ ಬರೆದಳು. ನಿಮ್ಮ ಅಡಿಗೆಮನೆಯಲ್ಲಿ ಧ್ವನಿಮುದ್ರಿಸಿದ ಹಾಡಿನ ಕೊನೆಯಲ್ಲಿ ಅವನು ಆ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾನೆ. ಓದು ಮುಗಿಸಿ ಊರಿಗೆ ಹೋದವನು ಅದನ್ನು ಬಂದರಿನಲ್ಲಿ ಒಂದೇ ಸಲ ಹಾಡಿದ. ಮರುವಾರ ಅವನನ್ನು ಹಿಡಿದುಕೊಂಡು ಹೋದರು, ಮತ್ತೆ ಬರಲಿಲ್ಲ. ತಾಯಿಯ ಕಾಗದವೂ ಅವನ ಜೊತೆಗೇ ಹೋಯಿತು. ಕ್ಯಾಸೆಟ್ಟು ಮಾತ್ರ ನಿಮ್ಮಲ್ಲಿ ಉಳಿದಿತ್ತು. ಮೂವತ್ತು ವರ್ಷದ ಮೇಲೆ ಶೋಮಾರಿ ಹುಡುಕಿಕೊಂಡು ಬಂದಾಗ ನೀವು ಅವನಿಗೆ ಊಟಕ್ಕೆ ಹಾಕಿಸಿ ಕೈಗೆ ಕೊಟ್ಟು ಕಳಿಸಿದಿರಿ.

ಅದರಲ್ಲಿ ಏಳು ಹೆಸರುಗಳಿವೆ. ಎಂಟನೆಯದು ಬರಬೇಕು ಎನ್ನುವಾಗ ಟಕ್ ಎಂದು ಸದ್ದಾಗಿ ನಿಮ್ಮ ದನಿ ಶುರುವಾಗುತ್ತದೆ. ಅಷ್ಟರಲ್ಲಿ ಆ ತಾಯಿಯೂ ರಿಜಿಕಿಯೂ ತೀರಿಕೊಂಡಿದ್ದರು, ಉಳಿದ ನಾಲ್ಕು ಯಾವುವೆಂದು ಕೇಳಿದರೆ ಶೋಮಾರಿ ನೆನಪಿಲ್ಲ ಎಂದ. ಹಾಗೆಯೇ ಬರೆದಿಟ್ಟ. ಊಹಿಸಿ ಹೇಳಬಹುದಿತ್ತು, ಹೇಳಲಿಲ್ಲ, ಅದಕ್ಕೇ ಅವನ ಮೇಲೆ ನನಗೆ ಗೌರವ. ಅಂದಿನಿಂದ ಪ್ರತಿ ವರ್ಷ ಏಳು ಹೆಸರು ಓದಿ, ನಾಲ್ಕು ಸಲ ಅಂಗೈ ತಟ್ಟಿ, ಮನೆಗೆ ಹೋಗುತ್ತೇವೆ. ನಮ್ಮ ಮನೆತನದವರು ಎಂಟು ತಲೆಮಾರಿನಿಂದ ಹೇಳುತ್ತಿದ್ದಾರೆ, ಆ ನಾಲ್ವರಲ್ಲಿ ಒಬ್ಬ ನಮ್ಮವನು ಎಂದು. ಊರು ನಮ್ಮನ್ನು ಸುಳ್ಳರು ಎನ್ನುತ್ತದೆ. ಈಗ ಊರಿನ ಸಭೆಯವರು ತುಂಬುಯಂತ್ರವನ್ನು, ಅಂದರೆ ಹರಿದ ಹಾಡು ಚಿತ್ರಗಳಲ್ಲಿ ಇಲ್ಲದ್ದನ್ನು ತಾನೇ ಊಹಿಸಿ ತುಂಬುವ ಯಂತ್ರವನ್ನು, ತಂದು ಕೂರಿಸಿದ್ದಾರೆ. ಅದು ಪ್ರಾಸಕ್ಕೆ ಒಪ್ಪುವ ನಾಲ್ಕು ಹೆಸರು ಕೊಟ್ಟಿದೆ. ನಮ್ಮವನು ಅದರಲ್ಲಿಲ್ಲ. ಬರುವ ಶುಕ್ರವಾರ ಆ ನಾಲ್ಕನ್ನು ಸತ್ತವರ ನೆನಪಿನ ಗೋಡೆಯಲ್ಲಿ ಕೆತ್ತುತ್ತಾರೆ. ಕೆತ್ತಿದ ಮೇಲೆ ಎಂದೂ ಇಲ್ಲದ ನಾಲ್ಕು ಜನರಿಗೆ ನಾವು ತಲೆಬಾಗಬೇಕು. ನನಗೆ ಹೊಟ್ಟೆ ಉರಿಯುತ್ತದೆ ಅವ್ವಾ.

ಒಪ್ಪಿಕೊಂಡುಬಿಡುತ್ತೇನೆ, ನಿಮ್ಮ ಮೇಲೂ ಉರಿಯುತ್ತಿತ್ತು. ಹುಡುಗರು ಯಾರೂ ಅಳಿಸಬಾರದೆಂದು ಕ್ಯಾಸೆಟ್ಟಿನ ಮೂಲೆಯ ಚೂರು ಮುರಿದಿದ್ದರು. ಅದರ ಮೇಲೆ ಮತ್ತೆ ದನಿ ತುಂಬಲು ಬರುವಂತೆ ನೀವು ಆ ತೂತಿಗೆ ಕಾಗದ ಅಂಟಿಸಿದಿರಿ. ಅಂಟು ಜೋಳದ ಹಿಟ್ಟಿನದು, ಈಗಲೂ ಹಿಡಿದುಕೊಂಡಿದೆ. ತಿಳಿಯದ ಹೆಂಗಸು ಚರಿತ್ರೆಯನ್ನೇ ಒರೆಸಿ ಹಾಕಿದಳು ಎಂದು ನಮ್ಮ ಪಠ್ಯಗಳಲ್ಲಿದೆ, ನಾನೂ ಹಾಗೆಯೇ ಪಾಠ ಮಾಡಿದ್ದೇನೆ. ‘ಕಾಗದ ಅಂಟಿಸಬೇಡಿ’ ಎಂಬ ಒಂದು ಸಾಲು ಬರೆಯಲೆಂದೇ ಕನ್ನಡ ಕಲಿಯಲು ಕುಳಿತೆ. ಕಲಿತ ಮೇಲೆ ನಿಮ್ಮ ಮಾತು ಅರ್ಥವಾಯಿತು.

‘ನೀಲವ್ವಾ, ನಿಮ್ಮವ್ವ ಮಾತಾಡಾಕತ್ತೀನಿ. ಅತ್ತಿ ಹತ್ರ ಇದ್ರ ಈಗ ಬಂದ್ ಮಾಡಿಬಿಡು, ಆಮ್ಯಾಲ ಕೇಳು’ ಎಂದು ನೀವು ಶುರುಮಾಡುತ್ತೀರಿ. ಪಂಚಮಿಗೆ ಎಲ್ಲರ ಹೆಣ್ಣುಮಕ್ಕಳೂ ತವರಿಗೆ ಬಂದರು, ಸೊಲ್ಲಾಪುರಕ್ಕೆ ಕೊಟ್ಟ ನಿಮ್ಮ ನೀಲವ್ವ ಬರಲಿಲ್ಲ. ಅವಳ ಕೈ ಮುರಿದದ್ದು ಬಾವಿಕಟ್ಟೆಯಲ್ಲಿ ಬಿದ್ದಲ್ಲವೆಂದು ನಿಮಗೆ ಗೊತ್ತಾಗಿದೆ. ಕಾಗದ ಬರೆದರೆ ಅತ್ತೆ ಒಡೆದು ಓದುತ್ತಾಳೆ. ಮದುವೆ ಹಾಡಿನ ಕ್ಯಾಸೆಟ್ಟಾದರೆ ಯಾರೂ ತಡೆಯುವುದಿಲ್ಲ. ಇನ್ನೊಂದು ಬದಿ ಹಾಕಿದರೂ ಅರ್ಥವಾಗದ ಗದ್ದಲ ಕೇಳಿ ಬೇಸತ್ತು ಬಂದ್ ಮಾಡುತ್ತಾರೆ. ಆ ಗದ್ದಲದ ಹಿಂದೆ ನೀವು ಬೇಕೆಂದೇ ಅಡಗಿ ಕುಳಿತಿರಿ. ಇದು ತಿಳಿದ ದಿನ ನಾನು ಪಾಠ ಮಾಡಲಾರದೆ ಮನೆಗೆ ಬಂದೆ. ನೀಲವ್ವ ಆ ಕ್ಯಾಸೆಟ್ಟನ್ನು ಗಂಟಿನಲ್ಲಿಟ್ಟುಕೊಂಡೇ ವಾಪಸು ಬಂದಳೆಂದು, ತನಗೆ ಬಡಿಸಿದವಳು ಅವಳೇ ಎಂದು ಶೋಮಾರಿ ಬರೆದಿದ್ದಾನೆ.

ಆದ್ದರಿಂದ ಕಾಗದ ಅಂಟಿಸಿ. ಗುಂಡಿ ಒತ್ತಿ. ನಾಲ್ಕು ಹೆಸರು ಮುಗಿಯುವತನಕ ತಡೆದು ಒತ್ತಿ ಎಂದೂ ಕೇಳಲಾರೆ. ‘ಬಾಗಲಾ ತೆರದಿಟ್ಟೀನಿ, ಮಂದಿ ಏನರ ಅನ್ಲಿ, ಬಾ’ ಎಂದು ನೀವು ಹೇಳುತ್ತಿದ್ದಂತೆ ಟೇಪು ಮುಗಿಯುತ್ತದೆ. ನಾಲ್ಕು ಹೆಸರಿಗೆ ಬೇಕಾಗುವ ಹನ್ನೆರಡು ಸೆಕೆಂಡು ತಡವಾದರೆ ಅವಳಿಗೆ ಆ ‘ಬಾ’ ಸಿಗುವುದಿಲ್ಲ.

ಕೇಳುವುದು ಇಷ್ಟೇ. ಮಾತಿನ ನಡುವೆ, ಅವಳ ಕೈಯ ವಿಷಯ ಬಂದಾಗ, ನಿಮ್ಮ ದನಿ ನಿಲ್ಲುತ್ತದೆ. ಸರಿಯಾಗಿ ಹನ್ನೆರಡು ಸೆಕೆಂಡು ಏನೂ ಇಲ್ಲ, ಒಲೆಯ ಸದ್ದು ಮಾತ್ರ. ಮ್ಬ್ವಾನಾ ಒಂದು ತಿಂಗಳು ದಿನಾ ಆ ಹೆಸರುಗಳನ್ನು ಹೇಳಿ ರೂಢಿ ಮಾಡುವಾಗ ನೀವೂ ರೊಟ್ಟಿ ಬಡಿಯುತ್ತ ಅವನ ಜೊತೆ ಗುನುಗುತ್ತಿದ್ದಿರಂತೆ. ಅವು ನಿಮ್ಮ ಬಾಯಲ್ಲಿವೆ. ಆ ಹನ್ನೆರಡು ಸೆಕೆಂಡಿನಲ್ಲಿ ಕೊನೆಯ ನಾಲ್ಕನ್ನು ಹೇಳಿಬಿಡಿ. ನೀಲವ್ವ ಗಾಬರಿಯಾಗುವುದಿಲ್ಲ, ಅವ್ವ ಏನೋ ಮಂತ್ರ ಹೇಳಿದಳು ಎಂದುಕೊಳ್ಳುತ್ತಾಳೆ.

ನಮ್ಮವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನ್ನ ಮೇಲಿನ ಮರುಕಕ್ಕೆ ನೀವು ಅದನ್ನೂ ಸೇರಿಸಿ ಹೇಳುತ್ತೀರಿ, ಊಟ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ ನೀವು. ನೀವು ಕೇಳಿದ್ದನ್ನಷ್ಟೇ ಹೇಳಿ. ಅದರಲ್ಲಿ ಅವನಿಲ್ಲದಿದ್ದರೆ ನಾವು ಎಂಟು ತಲೆಮಾರು ತಪ್ಪು ನಂಬಿದ್ದೆವು ಎಂದು ಸಭೆಯಲ್ಲಿ ನಾನೇ ಎದ್ದು ನಿಂತು ಹೇಳುತ್ತೇನೆ.

ಗುರುವಾರ ಸಂಜೆ ಕ್ಯಾಸೆಟ್ಟನ್ನು ಮತ್ತೊಮ್ಮೆ ಹಾಕುತ್ತೇನೆ. ಆ ಜಾಗ ಬಂದಾಗ ಬರೆದುಕೊಳ್ಳಲು ಸಿದ್ಧಳಾಗಿ ಕೇಳುತ್ತೇನೆ. ಆದರೆ ಆ ಗಳಿಗೆಯಲ್ಲಿ ನಿಮಗೆ ಅಳು ಬಂದು ಬಾಯಿ ಕಟ್ಟಿದರೆ, ಹೆಸರು ಬಿಡಿ ಅವ್ವಾ, ಅತ್ತುಬಿಡಿ. ಆಮೇಲೆ ‘ಬಾ’ ಅನ್ನಿ.

ನಿಮ್ಮ,
ತಾತು
(ಮನೆತನದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.)