ಮುಂದಿನ ಎರಡು ಚಕ್ರ

ಮನೆಯಿಂದ,
ನವೆಂಬರ್ ೧೪, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಮಗನಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನಿನ್ನ ಬೆನ್ನುನೋವು ಹೇಗಿದೆ? ಬಂದರಿನ ಆ ಕ್ರೇನಿನ ಗೂಡಿನಲ್ಲಿ ದಿನವಿಡೀ ಕೂತೇ ಇದ್ದರೆ ಕಬ್ಬಿಣದ ಬೆನ್ನೂ ಬಾಗೀತು. ಗಂಟೆಗೊಮ್ಮೆಯಾದರೂ ಎದ್ದು ನಿಲ್ಲು. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಬಗ್ಗಿದವನ ಮಾತು, ಕೇಳು. ನನ್ನ ಕೆಮ್ಮು ಹೋಗಿದೆ. ಈಗ ಮನೆಯಲ್ಲಿ ಕೆಮ್ಮುವುದು ನಮ್ಮ ಹಳೆಯ ಪಿಕಪ್ ಒಂದೇ, ಅದೂ ಬೆಳಗಿನ ಹೊತ್ತು ಮಾತ್ರ.

ಅದರ ವಿಷಯಕ್ಕೇ ಬಂದೆ. ನೀನು ಹೆಂಡತಿಗೆ ಬರೆದ ಕಾಗದ ಮಂಗಳವಾರ ಸೇರಿತು. ಅವಳು ಒರಟಾಗಿ ಓಡಿಸಿಯೇ ಗೇರ್‌ಬಾಕ್ಸ್ ಮುರಿದಳು, ಇನ್ನು ಗಾಡಿ ಮುಟ್ಟಬಾರದು, ಶನಿವಾರ ಗುಜರಿಯವನು ಬಂದು ಒಯ್ಯುತ್ತಾನೆ ಎಂದೆಲ್ಲ ಬರೆದಿದ್ದೀಯ. ಓದಿ ಅವಳು ಕಾಗದವನ್ನು ಮೇಜಿನ ಮೇಲೆ ಬಿಟ್ಟು ನೀರಿನ ಕ್ಯಾನು ತೊಳೆಯಲು ಹೋದಳು. ನಾನು ಎತ್ತಿಕೊಂಡು ಓದಿದೆ. ಓದಬಾರದಿತ್ತು, ಓದಿದೆ. ಗುಡ್ಡದ ಮೇಲಿನ ಮೂವತ್ತು ಮನೆಗಳಿಗೆ ಕುಡಿಯುವ ನೀರು ಮುಟ್ಟಿಸುವುದು ಅವಳು ಸ್ವಂತ ಬಲದಿಂದ ಕಟ್ಟಿಕೊಂಡ ಕೆಲಸ. ಜಲ್ಲಿ ಜಾರುವ ಆ ಏರನ್ನು ನಾಲ್ಕೂ ಚಕ್ರ ಎಳೆಯದೆ ಯಾವ ಗಾಡಿಯೂ ಹತ್ತುವುದಿಲ್ಲ. ಪಿಕಪ್ ಹೋಯಿತೆಂದರೆ ಅವಳ ಕೆಲಸವೂ ಹೋಯಿತು.

ನಡೆದದ್ದು ಇಷ್ಟು. ಹೋದ ವಾರ ತುಂಬಿದ ಕ್ಯಾನುಗಳ ಸಮೇತ ಏರಿನ ನಡುವೆ ಗಾಡಿ ನಿಂತಿತು. ಹಿಂದಿನ ಚಕ್ರಗಳು ಜಲ್ಲಿ ಹಾರಿಸುತ್ತ ಸುತ್ತಿದವು. ಮುಂದಿನವು ಮದುವೆಗೆ ಬಂದ ಬೀಗರ ಹಾಗೆ ಸುಮ್ಮನೆ ಕೂತವು. ಫೋರ್ ವೀಲ್‌ನ ಸಣ್ಣ ಲಿವರ್ ಹಾಕಿದ್ದಳು, ಅದರ ದೀಪವೂ ಹತ್ತಿತ್ತು. ಒಂದೂ ಕ್ಯಾನು ಉರುಳದಂತೆ ಅಷ್ಟು ದೂರ ಹಿಂದಕ್ಕೇ ಇಳಿಸಿಕೊಂಡು ಬಂದಳು. ನಿನ್ನ ಗೆಳೆಯ ಮೆಕ್ಯಾನಿಕ್ ಬಂದವನು ಗಾಡಿಯ ಕೆಳಗೆ ಬಗ್ಗಿಯೂ ನೋಡದೆ, "ಗೇರ್‌ಬಾಕ್ಸ್ ಹೋಗಿದೆ, ಮಾರಿಬಿಡಿ" ಅಂದ. ನೆಗಡಿ ಬಂತೆಂದು ಮೂಗು ಕೊಯ್ಯುವ ಬುದ್ಧಿವಂತ. ಅದನ್ನೇ ನಿನಗೂ ಫೋನಿನಲ್ಲಿ ಊದಿದ್ದಾನೆ.

ಬುಧವಾರ ಬೆಳಿಗ್ಗೆ ಸೊಸೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡನ್ನೂ ಜಾಕಿನಿಂದ ಎತ್ತಿ, ದಿಮ್ಮಿ ಇಟ್ಟು, ಗೋಣಿಚೀಲ ಹಾಸಿ ಮಲಗಿದಳು. ಮೊದಲು ಫೋರ್ ವೀಲ್‌ನ ಗೇರ್‌ಬಾಕ್ಸಿನಿಂದ ಎಣ್ಣೆ ಇಳಿಸಿ ಬಿಳಿ ಬಟ್ಟೆಯ ಮೇಲೆ ಸವರಿ ನೋಡಿದಳು. "ಕಬ್ಬಿಣದ ಪುಡಿ ಇಲ್ಲ ಮಾವ. ಹಲ್ಲು ಮುರಿದಿದ್ರೆ ಇದ್ರಲ್ಲಿ ಸಿಗ್ಬೇಕಿತ್ತು." ಆಮೇಲೆ ನನ್ನನ್ನು ಲಿವರಿನ ಹತ್ತಿರ ಕೂರಿಸಿ, ತಾನು ಕೆಳಗಿನಿಂದ ಮುಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ಶಾಫ್ಟ್ ಹಿಡಿದುಕೊಂಡಳು. "ಹಾಕಿ ಮಾವ. ತೆಗೀರಿ ಮಾವ." ತೆಗೆದಾಗ ಶಾಫ್ಟ್ ಕೈಗೆ ತಿರುಗುತ್ತಿತ್ತು, ಹಾಕಿದಾಗ ಬಿಗಿಯಾಗಿ ನಿಲ್ಲುತ್ತಿತ್ತು. ಆರೇಳು ಸಲ ಹಾಗೆ ಮಾಡಿಸಿದಳು. ಅಂದರೆ ಗೇರ್‌ಬಾಕ್ಸ್ ತನ್ನ ಪಾಡಿಗೆ ತಾನು ಸರಿಯಾಗಿಯೇ ದುಡಿಯುತ್ತಿತ್ತು. ಕೊನೆಗೆ ನಾನು ಇಳಿದು ಮುಂದಿನ ಚಕ್ರ ತಿರುಗಿಸಿದೆ. ಚಕ್ರ ಗರಗರ ಸುತ್ತಿತು, ಅದರ ಒಳಗಿನ ಅಚ್ಚು ಮಾತ್ರ ಮಿಸುಕಲಿಲ್ಲ. ನಾವು ಬಾಬಿನ್ ಸುತ್ತುವಾಗ ಗಾಲಿಯ ನಡುವಿನ ತಿರುಪು ಸಡಿಲಿಸುತ್ತೇವಲ್ಲ, ಗಾಲಿ ತಿರುಗಿದರೂ ಸೂಜಿ ನಿಂತೇ ಇರುತ್ತದಲ್ಲ, ಅದೇ ಕಥೆ.

ಅವಳು ಎದ್ದು ಬಂದು ಚಕ್ರದ ನಡುವೆ ಮುಚ್ಚಳದಂತಿರುವ ಹಬ್‌ನ ಕೆಸರು ಒರೆಸಿದಳು. ನೀನು 'ಲಾಕ್'ನಲ್ಲಿ ಇಟ್ಟು ಹೋಗಿದ್ದ ತಿರುಗುಗುಂಡಿ ಎರಡೂ ಕಡೆ 'ಫ್ರೀ'ಯಲ್ಲಿತ್ತು. ಬೀದಿಯ ಮಕ್ಕಳು ಆಟಕ್ಕೆ ತಿರುಗಿಸಿರಬೇಕು. ಎರಡನ್ನೂ ಮೊದಲಿನಂತೆ ಮಾಡಿದಳು, ಅಷ್ಟೇ ರಿಪೇರಿ. ನಿನ್ನೆ ಪೂರ್ತಿ ಹೊರೆ ಹೇರಿಕೊಂಡು ಒಂದೇ ಉಸಿರಿಗೆ ಗುಡ್ಡ ಹತ್ತಿದಳು. ಪಕ್ಕದಲ್ಲಿ ಕೂತಿದ್ದವನು ನಾನು. ಮೇಲೆ ಸಿಕ್ಕವರಿಗೆಲ್ಲ ನಮ್ಮ ಸೊಸೆ ಎಂದು ಹೆಮ್ಮೆಯಿಂದ ಹೇಳಿಕೊಂಡೆ ಕಣೋ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದುಕೊಂಡು, ಒಂದೊಂದೇ ಅನುಮಾನ ಕಳೆಯುತ್ತ ಹೋಗುವ ಆ ತಾಳ್ಮೆ ನನಗೂ ಇರಲಿಲ್ಲ, ನಿನಗಂತೂ ಹುಟ್ಟಿನಿಂದಲೇ ಇಲ್ಲ. ನಾಳೆ ಗುಜರಿಯವನು ಬಂದರೆ ಮನೆಯ ತೂತು ಬಕೆಟ್ ಕೊಟ್ಟು ಕಳಿಸುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆಗಾರರಿಗೆಲ್ಲ ನನ್ನ ನೆನಪು ಹೇಳು.

ಇಂತಿ ನಿನ್ನ
ಅಪ್ಪ

ಮ.ವಿ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಮಕ್ಕಳು ಎಂದದ್ದು ಸುಳ್ಳು. ಗುಂಡಿ ತಿರುಗಿಸಿದ್ದು ನಾನೇ. ಗಾಡಿ ತೊಳೆಯುವಾಗ 'ಲಾಕ್' ಎಂದು ಓದಿ, ಅಯ್ಯೋ, ಚಕ್ರಕ್ಕೆ ಬೀಗ ಹಾಕಿಕೊಂಡೇ ಈ ಹುಡುಗಿ ಇಷ್ಟು ದಿನ ಎಳೆದಾಡಿದಳಲ್ಲ ಎಂದು ಕನಿಕರದಿಂದ ಬಿಡಿಸಿದ್ದೆ. ಅವಳು ಕೆಸರು ಒರೆಸುವಾಗ ನನ್ನ ಮುಖ ಕುಂಬಳಕಾಯಿ ಕಳ್ಳನದೇ ಆಗಿತ್ತು. ಯಾರು ತಿರುಗಿಸಿದ್ದು ಎಂದು ಅವಳು ಕೇಳಲಿಲ್ಲ. "ಇಲ್ಲಿ ಲಾಕ್ ಅಂದ್ರೆ ಬೀಗ ಅಲ್ಲ ಮಾವ, ಚಕ್ರಾನೂ ಅಚ್ಚೂ ಕೈ ಹಿಡ್ಕೊಳ್ಳೋದು" ಅಂದಳು, ಅಷ್ಟೇ. ನಿನ್ನ ಬೈಗುಳದ ಕಾಗದ ನನಗೆ ಸೇರಬೇಕಾದದ್ದು, ನನ್ನ ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ. ಅವಳಿಗೆ ಬೇರೆ ಬರಿ.