ನೀನು ಚಪ್ಪಾಳೆ ತಟ್ಟಿದ ಭಾಷಣ

ಅಪ್ಪಾ,

ನೀನು ಹೋದ ಮೇಲೆ ಮೊದಲ ಸಲ, ನಿನ್ನೊಡನೆ ಕರೆಂಟಿನ ಕಂಬ ಹತ್ತುತ್ತಿದ್ದ ಮಾಳಿಂಗರಾಯ ಕಾಕಾ ಇವತ್ತು ಬನಹಟ್ಟಿಯ ನಮ್ಮ ಮನೆಗೆ ಬಂದಿದ್ದ. ಕರೆಂಟನ್ನು ಖಾಸಗಿಯವರಿಗೆ ಕೊಡಬೇಡಿ ಎಂಬ ಮನವಿಗೆ ಸಹಿ ಕೇಳಿದ.

"ಖಾಸಗಿ ಆದ್ರ ಕರೆಂಟ್ ಹೋಗೂದಿಲ್ಲ, ನಮ್ಮ ಮಗ್ಗಾನೂ ನಿಲ್ಲೂದಿಲ್ಲ. ಸಹಿ ಮಾಡಬ್ಯಾಡ," ಎಂದರು ನಿನ್ನ ಅಳಿಯ. ಕರೆಂಟು ಹೋಗಿ ಫ್ಯಾನು ನಿಂತರೆ ಕೂಸು ಮಲಗುವುದಿಲ್ಲ, ನಾನೂ ನಿದ್ದೆಗೆಟ್ಟಿದ್ದೇನೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಕರೆಂಟು ಖಾಸಗಿಯಾಗಲಿ ಎಂದು ಮಾತಾಡಿಯೇ ಕಪ್ ಗೆದ್ದವಳು ನಾನು. ನೀನು ಕೆಲಸದ ಖಾಕಿಯಲ್ಲೇ ಬಂದು ಚಪ್ಪಾಳೆ ತಟ್ಟಿದ್ದೆ.

ಕಾಕಾ ನಕ್ಕ. "ಆ ಕಪ್ ನಿಮ್ಮಪ್ಪ ಆಫೀಸಿನಾಗ ಎಲ್ಲಾರಿಗೂ ತೋರಿಸಿದ್ನವಾ. 'ನನ್ನ ನೌಕರಿ ಕಳಿಯಾಕ ಮಗಳೊಬ್ಬಾಕಿ ಸಾಕು, ಎಷ್ಟ್ ಛಲೋ ಮಾತಾಡ್ತಾಳ!' ಅಂತಿದ್ದ."

ಯಾವುದು ಸರಿಯೋ ಇನ್ನೂ ತಿಳಿಯದು. ಆದರೂ ಸಹಿ ಮಾಡಿದೆ. 'ತಂದೆ ಅಥವಾ ಗಂಡನ ಹೆಸರು' ಎಂಬಲ್ಲಿ ನಿನ್ನದನ್ನೇ ಬರೆದೆ. ಪಕ್ಕದಲ್ಲಿ 'ಲೈನ್‌ಮನ್' ಎಂದೂ ಸೇರಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ.