ಹೋದ ವಾರ ಅಳತೆ ತೆಗೆದರಂತೆ

ಮಾರ್ಚ್ ೧೨, ಗುರುವಾರ

ನಮ್ಮ ಹೊಲಿಗೆ ಅಂಗಡಿಯ ಹೆಸರು ಮೊಬೈಲಿನಲ್ಲಿ ಹುಡುಕಿದಾಗ ಎಲ್ಲರಿಗಿಂತ ಮೇಲೆ ಬರುವಂತೆ ಮಾಡುತ್ತೇನೆ ಎಂದಿದ್ದವನು ಗಿರಾಕಿಗಳೇ ಬರೆದಂತೆ ಬರೀ ಸುಳ್ಳು ಹೊಗಳಿಕೆ ತುಂಬಿಸಿದ್ದಾನೆ. ಅದರಲ್ಲೊಂದು: “ಹೋದ ವಾರ ಯಜಮಾನರೇ ನಗುನಗುತ್ತಾ ಅಳತೆ ತೆಗೆದರು.”

ಇವರು ತೀರಿಕೊಂಡು ಎರಡು ವರ್ಷವಾಯಿತು.

ಇವತ್ತು ಇದೇ ಕೆಲಸ ಮಾಡುವ ಹುಡುಗಿಯೊಬ್ಬಳನ್ನು ಕರೆಸಿದೆ. “ಮೇಲೆ ತರ್ತೀನಿ ಅಂತ ಮಾತು ಕೊಡಲ್ಲಮ್ಮ. ಮೊದಲು ಈ ಸುಳ್ಳೆಲ್ಲ ತೆಗೆಸ್ಬೇಕು” ಎಂದಳು. ಆ ಮಾತಿಗೇ ನಂಬಿಕೆ ಬಂದು ಕೆಲಸ ಒಪ್ಪಿಸಿದೆ.

ಯಜಮಾನರ ಆ ಸಾಲು ತೋರಿಸಿ, “ಇದೊಂದನ್ನ ನಾಳೆ ತೆಗೆಸಮ್ಮ” ಎಂದೆ. ಓದಿ, ಅದನ್ನು ಬಿಟ್ಟು ಉಳಿದವನ್ನು ತೆಗೆಸಲು ಕೂತಳು.

ದೇವರೇ, ಸುಳ್ಳನ್ನು ಒಂದು ರಾತ್ರಿ ಉಳಿಸಿಕೊಂಡಿದ್ದೇನೆ, ಮನ್ನಿಸು. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಅಳತೆ ತೆಗೆಯುತ್ತಿದ್ದವರು ನಗುವುದೆಲ್ಲಿಂದ ಬಂತು? ಆದರೂ ಮತ್ತೆ ಮತ್ತೆ ಓದುತ್ತಿದ್ದೇನೆ. ಹೋದ ವಾರವಂತೆ. ವಾರವೆಲ್ಲ ನಾನೂ ಅಂಗಡಿಯಲ್ಲೇ ಇದ್ದೆನಲ್ಲ, ನನಗೊಬ್ಬಳಿಗೇ ಯಾಕೆ ಕಾಣಿಸಲಿಲ್ಲ?